ತೊಟ್ಟಿಕ್ಕುವ ನಲ್ಲಿ

ಮೊನ್ನೆ ಕಡೂರಿನ ಅಕ್ಕನ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆನು. ಮೊದಲನೆಯ ರಾತ್ರಿ ಎರಡು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಬಚ್ಚಲುಮನೆಯ ದೀಪ ಉರಿಯುತ್ತಿತ್ತು. ಹೋಗಿ ನೋಡುತ್ತೇನೆ, ಅರವತ್ತೆಂಟು ವರ್ಷದ ಅಕ್ಕ ತುಂಬಿದ ಬಕೀಟನ್ನು ಎರಡೂ ಕೈಗಳಿಂದ ಎತ್ತಿ ಹಂಡೆಗೆ ಸುರಿಯುತ್ತಿದ್ದಾಳೆ. ನಲ್ಲಿಯ ಬಾಯಿಗೆ ಒಂದು ಸೆಣಬಿನ ಹುರಿ ಕಟ್ಟಿದೆ. ಹುರಿಯ ಇನ್ನೊಂದು ತುದಿ ಬಕೀಟಿನ ತಳವನ್ನು ಮುಟ್ಟುತ್ತದೆ. ತೊಟ್ಟಿಕ್ಕುವ ನೀರು ಆ ಹುರಿಯನ್ನು ಹಿಡಿದು ಸದ್ದಿಲ್ಲದೆ ಕೆಳಗಿಳಿಯುತ್ತದೆ.

“ಇದೇನಕ್ಕಾ, ಈ ಹೊತ್ತಿನಲ್ಲಿ?” ಎಂದೆ.

“ಬಕೀಟು ತುಂಬೋ ಹೊತ್ತು ಕಣೋ. ಬಿಟ್ಟರೆ ಚೆಲ್ಲಿಹೋಗತ್ತೆ. ಕಡೂರಲ್ಲಿ ನೀರು ಚೆಲ್ಲೋಕೆ ಮನಸ್ಸು ಬರತ್ತಾ? ನೀನು ಹೋಗಿ ಮಲಗು.”

ಎಷ್ಟು ದಿನಗಳಿಂದ ಹೀಗೆಂದು ಕೇಳಿದರೆ, ಎಂಟು ತಿಂಗಳಾಯಿತಂತೆ! ಭಾವನವರು ತೀರಿಕೊಂಡು ಎರಡು ವರ್ಷವಾಯಿತು. ಅವರು ಇದ್ದಾಗ ಆ ಮನೆಯಲ್ಲಿ ನಲ್ಲಿ ಸೋರಿದ್ದನ್ನು ಯಾರೂ ಕಂಡವರಿಲ್ಲ. ಭಾನುವಾರ ಬೆಳಗಿನ ಕಾಫಿಯಾದೊಡನೆ ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು ಮನೆಯ ನಲ್ಲಿಗಳನ್ನೆಲ್ಲ ಒಮ್ಮೆ ವಿಚಾರಿಸಿಕೊಂಡು ಬರುವುದು ಅವರ ವಾಡಿಕೆಯಾಗಿತ್ತು. ಈಗ ಆ ಪೆಟ್ಟಿಗೆ ಅಟ್ಟದ ಮೇಲಿದೆ. ಒಂದು ವಾಷರಿಗಾಗಿ ಪ್ಲಂಬರನ್ನು ಕರೆಯಲು ಅಕ್ಕನಿಗೆ ಸಂಕೋಚ. ಕರೆದರೂ ಅಷ್ಟು ಚಿಕ್ಕ ಕೆಲಸಕ್ಕೆ ಅವನು ಬರುವುದೂ ಕಷ್ಟವೇ. ಹಿಂದೊಮ್ಮೆ ಬಂದವನೊಬ್ಬನು, “ಇದೆಲ್ಲ ಹಳೇಕಾಲದ್ದು ಅಮ್ಮಾ, ತೆಗೆದು ಹೊಸದು ಹಾಕಿಬಿಡೋಣ” ಎಂದು ಅಡಿಗೆಮನೆಗೆ ಥಳಥಳ ಹೊಳೆಯುವ ನಲ್ಲಿಯೊಂದನ್ನು ಹಾಕಿ ಹೋದನು. ಅದು ಹತ್ತು ತಿಂಗಳಿಗೆ ಕೈಕೊಟ್ಟಿತು. ಬಚ್ಚಲುಮನೆಯದು ಮನೆ ಕಟ್ಟಿದಾಗ ಭಾವನವರೇ ಆರಿಸಿ ತಂದ ಹಿತ್ತಾಳೆಯ ನಲ್ಲಿ. ಅದನ್ನು ಕಿತ್ತು ಬಿಸಾಡಿಯಾರೆಂಬ ಭಯದಿಂದ ಅಕ್ಕ ರಾತ್ರಿಯ ನಿದ್ರೆಯನ್ನೇ ಬಿಟ್ಟುಕೊಟ್ಟಿದ್ದಳು.

ಬೆಳಗ್ಗೆ ಎದ್ದು, 200 ಮಿಲಿಲೀಟರ್ ಹಿಡಿಯುವ ಲೋಟವೊಂದನ್ನು ಹುರಿಯ ಕೆಳಗಿಟ್ಟು ಗಡಿಯಾರ ನೋಡಿದೆನು. ಆರು ನಿಮಿಷಕ್ಕೆ ಲೋಟ ತುಂಬಿತು. ಗಂಟೆಗೆ 2 ಲೀಟರ್, ದಿನಕ್ಕೆ 48 ಲೀಟರ್, ತಿಂಗಳಿಗೆ 1,440 ಲೀಟರ್ ಎಂದಾಯಿತು. ಗ್ರಾಮೀಣ ಮನೆಗಳಿಗೆ ನಲ್ಲಿಯ ನೀರು ಕೊಡಲು 2019ರ ಆಗಸ್ಟ್ 15ರಂದು ಸಾರಿದ ಜಲಜೀವನ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದ್ದಾರೆ. ಅಂದರೆ ಅಕ್ಕನ ಬಚ್ಚಲ ನಲ್ಲಿ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಪಾಲನ್ನು ಪ್ರತಿದಿನವೂ ಹುರಿಯ ಮೇಲೆ ಇಳಿಸುತ್ತಿತ್ತು. ಅಕ್ಕ ಅದನ್ನು ಚೆಲ್ಲಗೊಡಲಿಲ್ಲ, ಸರಿಯೆ. ನಷ್ಟವಾದದ್ದು ಎಂಟು ತಿಂಗಳ ನಿದ್ರೆ.

ನಲ್ಲಿಯ ವಾಷರಿನಂಥ ಕ್ಷುಲ್ಲಕ ವಿಷಯಕ್ಕೆ ಪತ್ರಿಕೆಯ ಪುಟವೇಕೆಂದು ವಾಚಕರಲ್ಲಿ ಕೆಲವರು ಮೂಗು ಮುರಿದಾರು. ಮಲೆನಾಡಿನ ಅಂಚಿನಿಂದ ಒಂದಷ್ಟು ಮೂಡಣಕ್ಕೆ ಸರಿದು ಕಡೂರಿನಲ್ಲಿ ಒಂದು ಬೇಸಗೆ ಕಳೆದವರು ಹಾಗೆನ್ನಲಾರರು. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆಯೆಂಬ ಹೆಸರಿತ್ತು. ಪಡುವಣ ಬೆಟ್ಟಗಳು ಮಳೆಯನ್ನು ತಡೆದು ತಾವೇ ಕುಡಿದುಬಿಡುತ್ತವೆ, ಈ ಬಯಲಿಗೆ ಉಳಿಯುವುದು ಗಾಳಿ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾ ಮತ್ತು ಅವತಿಗಳು ಕಡೂರಿನ ಸಮೀಪ ಕೂಡಿ ವೇದಾವತಿಯಾಗಿ ಹರಿದುಹೋಗುತ್ತವೆಯಷ್ಟೆ. ಆ ನದಿಗೆ ಹಿರಿಯೂರಿನ ಬಳಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟೆಯು 1933ರಲ್ಲಿ ಕೋಡಿ ಹರಿದಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ! ಆ ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಇಂಥ ಸೀಮೆಯಲ್ಲಿ ನೀರಿನ ವಿಷಯ ಯಾವುದೂ ಕ್ಷುಲ್ಲಕವಲ್ಲ.

ನಲ್ಲಿಯೆನ್ನಿ, ಕೊಳಾಯಿಯೆನ್ನಿ, ಮಕ್ಕಳಂತೆ ಟ್ಯಾಪೆನ್ನಿ, ಹಳೆಯ ತಿರುಪಿನ ನಲ್ಲಿಯ ಒಡಲೊಳಗೆ ಇರುವುದು ಬಹು ಸರಳವಾದ ಯುಕ್ತಿ. 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನ ಗೆಸ್ಟ್ ಅಂಡ್ ಕ್ರೈಮ್ಸ್ ಎಂಬ ಹಿತ್ತಾಳೆಯ ಕಾರ್ಖಾನೆಯವರು ಇದಕ್ಕೆ ಪೇಟೆಂಟ್ ಪಡೆದರು. ಅಂದಿನಿಂದ ಅದರ ಅಂತರಂಗ ಹೆಚ್ಚೇನೂ ಬದಲಾಗಿಲ್ಲ. ಒಳಗೆ ನೀರು ಮೇಲೇರಿ ಬರುವ ದುಂಡನೆಯ ಕಂಡಿಯೊಂದುಂಟು. ಅದರ ಅಂಚಿಗೆ ಸೀಟು ಎನ್ನುತ್ತಾರೆ. ಹಿಡಿಯನ್ನು ತಿರುಗಿಸಿದಂತೆ ಸ್ಪಿಂಡಲೆಂಬ ಕಡ್ಡಿ ಕೆಳಗಿಳಿದು, ತನ್ನ ತುದಿಯ ರಬ್ಬರಿನ ಬಿಲ್ಲೆಯನ್ನು ಆ ಅಂಚಿನ ಮೇಲೆ ಒತ್ತುತ್ತದೆ. ಆ ಬಿಲ್ಲೆಯೇ ವಾಷರು. ರಬ್ಬರು ಹೊಸದಾಗಿರುವ ತನಕ ಎರಡು ಬೆರಳು ಸಾಕು. ಅದು ಗಟ್ಟಿಯಾಗಿ, ನಡುವೆ ಬಳೆಯಂಥ ಗುಳಿ ಬಿದ್ದಾಗ ಹನಿ ಶುರುವಾಗುತ್ತದೆ. ಆಗ ನಾವು ಮಾಡುವುದೇನು? ಹಲ್ಲು ಕಚ್ಚಿ ಇನ್ನಷ್ಟು ತಿರುಗಿಸುತ್ತೇವೆ. ಹನಿ ನಾಲ್ಕು ದಿನ ನಿಂತು ಐದನೆಯ ದಿನ ಮೊದಲಿಗಿಂತ ಜೋರಾಗಿ ಬರುತ್ತದೆ. ಈ ಬಲಪ್ರಯೋಗದಿಂದ ವಾಷರು ಹರಿದು, ಕಡೆಗೆ ಲೋಹವು ಲೋಹಕ್ಕೆ ತಾಗಿ ಸೀಟಿನ ಅಂಚೇ ಗೀರುಬೀಳುವುದುಂಟು. ವಾಷರಿನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ. ಸೀಟು ಕೆಟ್ಟರೆ ನಲ್ಲಿಯ ಬೆಲೆಯನ್ನೇ ತೆರಬೇಕು. ಮನೆಯಲ್ಲಿ ಬಲಶಾಲಿಗಳಾದ ಗಂಡುಮಕ್ಕಳಿದ್ದರೆ ನಲ್ಲಿಗಳ ಆಯುಸ್ಸು ಕಡಿಮೆಯೆಂಬುದು ನನ್ನ ಅನುಭವ.

ಹನಿ ಎಲ್ಲಿಂದ ಬರುತ್ತಿದೆಯೆಂಬುದನ್ನು ಮೊದಲು ನೋಡಬೇಕು. ಮುಚ್ಚಿದ ನಲ್ಲಿಯ ಬಾಯಿಂದ ಬಂದರೆ ಅದು ವಾಷರಿನ ದೋಷ. ತೆರೆದಾಗ ಹಿಡಿಯ ಬುಡದಲ್ಲಿ ಜಿನುಗಿದರೆ ವಾಷರು ನಿರಪರಾಧಿ. ಅಲ್ಲಿ ಸ್ಪಿಂಡಲಿನ ಸುತ್ತ ತುರುಕಿದ ನೂಲು ಸವೆದಿರುತ್ತದೆ. ಆ ಬುಡದ ನಟ್ಟನ್ನು ಕಾಲು ಸುತ್ತು ಬಿಗಿದರೆ ಸಾಕಾಗುವುದೂ ಉಂಟು. ಸಾಲದಿದ್ದರೆ ಹತ್ತಿಯ ದಾರಕ್ಕೆ ವ್ಯಾಸಲೀನ್ ಸವರಿ, ಸ್ಪಿಂಡಲಿಗೆ ನಾಲ್ಕು ಸುತ್ತು ಸುತ್ತಿ, ಕಡ್ಡಿಯಿಂದ ಒಳಗೆ ತಳ್ಳಿ ನಟ್ಟು ಹಾಕಬೇಕು. ಗೋಡೆಗೆ ಸೇರುವಲ್ಲಿ ಒಸರಿದರೆ ಮರೆಯ ಮೇಲಿನ ಟೇಪು ಹೋಗಿದೆಯೆಂದು ತಿಳಿಯಬೇಕು.

ನಮ್ಮ ಕೆಲಸಕ್ಕೆ ಮೊದಲ ವಿಘ್ನ ಬಂದುದು ಗೇಟ್‌ವಾಲ್ವಿನಿಂದ. ಮೇಲಿನ ತೊಟ್ಟಿಯಿಂದ ಇಳಿಯುವ ನೀರನ್ನು ನಿಲ್ಲಿಸಲು ಭಾವನವರು ಅದನ್ನು ಹಾಕಿಸಿದ್ದರು. ಎರಡು ವರ್ಷ ಯಾರೂ ಮುಟ್ಟದೆ ಅದು ಸುಣ್ಣಗಟ್ಟಿ ಕಲ್ಲಾಗಿತ್ತು. ಅಕ್ಕನ ಮನೆಯ ಸಂಪಿಗೆ ಬೀದಿಯ ನೀರಿನೊಡನೆ ಹಿತ್ತಲ ಬೋರಿನ ನೀರೂ ಸೇರುತ್ತದೆ. ಬೋರಿನ ನೀರಿನ ಗಡಸು ಎಂಥದೆಂಬುದಕ್ಕೆ ಅವಳ ಹಂಡೆಯ ಒಳಮೈಯೇ ಸಾಕ್ಷಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ 200 ಮಿಲಿಗ್ರಾಮ್ ಗಡಸುತನದವರೆಗೆ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸತಕ್ಕದ್ದು. ಈ ಗಡಸು ನೀರು ನಿಂತಲ್ಲೆಲ್ಲ ಬಿಳಿಯ ಹಕ್ಕಳೆಗಟ್ಟಿಸುತ್ತದೆ, ಕಾದರೆ ಇನ್ನೂ ಬೇಗ. ಆದಕಾರಣ ಮನೆಯ ಗೇಟ್‌ವಾಲ್ವನ್ನು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯುವುದನ್ನು, ಹುಣ್ಣಿಮೆಯೋ ಅಮಾವಾಸ್ಯೆಯೋ ಯಾವುದಾದರೊಂದು ದಿನ ಗುರುತಿಟ್ಟುಕೊಂಡು, ರೂಢಿಸಿಕೊಳ್ಳಿರಿ. ಕೆಲಸವಿಲ್ಲದ ವಾಲ್ವು ಬೇಕಾದ ದಿನ ಕೆಲಸಕ್ಕೆ ಬಾರದು.

ವಾಲ್ವು ಜಗ್ಗಲಿಲ್ಲವಾದ್ದರಿಂದ ತೊಟ್ಟಿಯನ್ನೇ ಬರಿದುಮಾಡಬೇಕಾಯಿತು. ಆ ನೀರನ್ನು ಚೆಲ್ಲುವುದುಂಟೆ? ಹಂಡೆ, ಕೊಳಗ, ಬಿಂದಿಗೆ, ಇಡ್ಲಿಯ ಪಾತ್ರೆ, ಕಡೆಗೆ ಐದು ಲೀಟರಿನ ಕುಕ್ಕರು, ಎಲ್ಲವೂ ತುಂಬಿದವು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಮದುವೆಯ ಮನೆಯಂತೆ ಕಂಡಿತು. ಪಕ್ಕದ ಮನೆಯಾಕೆ ಇಣುಕಿ, “ನಾಳೆಯಿಂದ ನೀರು ಬರೋಲ್ವಂತಾ?” ಎಂದು ಗಾಬರಿಯಿಂದ ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಮನೆಯ ಬಿಂದಿಗೆಗಳನ್ನು ತುಂಬಲು ಓಡಿದರು.

ಇನ್ನು ನಲ್ಲಿಯನ್ನು ಬಿಚ್ಚುವ ಮಾತು. ಇಲ್ಲಿ ನಾನು ಬಹಳ ಎಚ್ಚರದಿಂದಿದ್ದೆನು. ಅದಕ್ಕೆ ಕಾರಣ ಅಜ್ಜಂಪುರದಲ್ಲಿ ನಡೆದ ಒಂದು ಪ್ರಕರಣ.

ತರೀಕೆರೆ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಅಮೃತಮಹಲ್ ದನಗಳ ತಳಿಕೇಂದ್ರದಿಂದ ಹೆಸರಾದ ಊರು. ಭದ್ರೆಯ ನೀರನ್ನು ಬಯಲುಸೀಮೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗ ಕೊರೆದಿರುವುದೂ ಇದರ ಬಳಿಯೇ. 2024ರ ಏಪ್ರಿಲ್‌ನಲ್ಲಿ ಚಿಕ್ಕಮ್ಮನ ಮನೆಯ ಬೋರು ಬತ್ತಿ, ಟ್ಯಾಂಕರಿನ ನೀರು ಕೊಳ್ಳುತ್ತಿದ್ದರು. ಸಾವಿರ ಲೀಟರಿನ ತೊಟ್ಟಿ ತುಂಬಿದ ದಿನವೇ ಚಿಕ್ಕಮ್ಮನ ಮಗನಿಗೆ ಬಚ್ಚಲಿನ ಹಳೆಯ ನಲ್ಲಿಯನ್ನು ಬದಲಿಸುವ ಉತ್ಸಾಹ ಬಂದಿತು. ಹೊಸ ನಲ್ಲಿ ತಂದಿಟ್ಟುಕೊಂಡು, ತೊಟ್ಟಿಯ ಬುಡದ ವಾಲ್ವು ಮುಚ್ಚಿದೆಯೆಂದು ಭಾವಿಸಿ (ಅದು ಮುಚ್ಚಿದಂತೆ ತಿರುಗಿತ್ತು, ಮುಚ್ಚಿರಲಿಲ್ಲ) ಒಂದೇ ರೆಂಚಿನಿಂದ ಹಳೆಯ ನಲ್ಲಿಯನ್ನು ಹಿಡಿದು ಬಲವಾಗಿ ತಿರುವಿದನು. ನಲ್ಲಿ ಬಂತು. ಅದರೊಡನೆ ತುಕ್ಕುಹಿಡಿದ ಜಿ.ಐ. ಪೈಪಿನ ತುಂಡೂ ಗೋಡೆಯೊಳಗೆ ಮುರಿದು ಬಂತು. ಅಷ್ಟು ಹಣ ಕೊಟ್ಟು ಕೊಂಡ ನೀರು ಬಚ್ಚಲ ಗೋಡೆಯಿಂದ ಅವನ ಎದೆಗೆ ಚಿಮ್ಮತೊಡಗಿತು.

ಅವನು ಹೆಬ್ಬೆರಳನ್ನು ತೂತಿಗೊತ್ತಿ “ಅಮ್ಮಾ!” ಎಂದು ಕೂಗಿದನಂತೆ. ಚಿಕ್ಕಮ್ಮ ಕೋಸಂಬರಿಗೆ ಕ್ಯಾರೆಟ್ ತುರಿಯುತ್ತಿದ್ದವರು ಕೈಯಲ್ಲಿದ್ದುದನ್ನು ಹಿಡಿದುಕೊಂಡೇ ಓಡಿಬಂದರು. ಒಂದು ಕ್ಷಣ ನೋಡಿ, “ಬೆರಳು ತೆಗಿಯೋ” ಎಂದವರೇ ಆ ಕ್ಯಾರೆಟ್ಟನ್ನು ತುದಿಯ ಕಡೆಯಿಂದ ತೂತಿಗೆ ತಿರುವಿ ಬಿಗಿದರು. ನೀರು ನಿಂತಿತು! ಮೇಲಿನ ತೊಟ್ಟಿಯಿಂದ ಇಳಿಯುವ ನೀರಿನ ಒತ್ತಡ ಅಷ್ಟೇನೂ ಹೆಚ್ಚಿರುವುದಿಲ್ಲ. ಮೊನಚಾದ, ಸ್ವಲ್ಪ ಮೆತ್ತಗಿನ ಯಾವ ಬೆಣೆಯಾದರೂ ಅದನ್ನು ಒಂದಷ್ಟು ಹೊತ್ತು ತಡೆಯಬಲ್ಲುದು. ಸಾಯಂಕಾಲ ಪ್ಲಂಬರು ಬರುವ ತನಕ ಕ್ಯಾರೆಟ್ಟು ತನ್ನ ಸ್ಥಾನವನ್ನು ಬಿಡಲಿಲ್ಲ. ಅವನು ಗೋಡೆ ಒಡೆಯಲೂ ಇಲ್ಲ. ಗರಗಸದ ಬ್ಲೇಡನ್ನು ಒಳಗಿಟ್ಟು, ಎಲ್ಬೋವಿನ ಮರೆಗೆ ತಾಗದಂತೆ ಮುರಿದ ತುಂಡನ್ನು ಉದ್ದಕ್ಕೆ ಸೀಳಿ, ಉಳಿಯಿಂದ ಒಳಕ್ಕೆ ಮಡಿಸಿ ಹೊರಗೆಳೆದನು. ಅರ್ಧ ಗಂಟೆಯ ಕೆಲಸ. ಅದನ್ನು ಕೈಬಂದಂತೆ ಯಾರೂ ಮಾಡಲು ಹೋಗಬಾರದು. ಎಲ್ಬೋವಿನ ಮರೆ ಕೆಟ್ಟಿತೋ, ಗೋಡೆ ಒಡೆಯುವುದು ತಪ್ಪದು.

ಈ ಪ್ರಕರಣದಿಂದ ಕಲಿತದ್ದು: ಹಳೆಯ ಪೈಪಿದ್ದಲ್ಲಿ ಯಾವಾಗಲೂ ಎರಡು ರೆಂಚು ಬೇಕು. ಒಂದರಿಂದ ನಲ್ಲಿಯ ಒಡಲನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ತಲೆಯನ್ನು ತಿರುವಬೇಕು. ಬರಿಯ ವಾಷರು ಬದಲಿಸುವುದಾದರೆ ನಲ್ಲಿಯನ್ನು ಗೋಡೆಯಿಂದ ತೆಗೆಯುವ ಪ್ರಮೇಯವೇ ಇಲ್ಲ. ಅಲ್ಲದೆ ವಾಲ್ವು ಮುಚ್ಚಿದಮೇಲೆ ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ತೆರೆದು, ನೀರು ನಿಂತಿತೆಂಬುದನ್ನು ಕಣ್ಣಾರೆ ಕಂಡ ಬಳಿಕವೇ ರೆಂಚು ಎತ್ತಬೇಕು.

ಅಕ್ಕನ ನಲ್ಲಿಗೆ ಬರೋಣ. ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು. ಒಂದು ಪೈಪ್ ರೆಂಚು, ಒಂದು ಹಲ್ಲು ಸವೆದ ಸ್ಪ್ಯಾನರು, ಬೆಂಕಿಪೊಟ್ಟಣದ ತುಂಬ ವಾಷರುಗಳು, ಹಳೆಯ ಕಾಲದ ಚರ್ಮದವೂ ನಾಲ್ಕು. ಮುಚ್ಚಳದ ಒಳಮೈಯಲ್ಲಿ ಭಾವನವರ ದುಂಡು ಅಕ್ಷರ: “ಬಚ್ಚಲು, ಅರ್ಧ ಇಂಚು. ಹಿತ್ತಲು, ಅರ್ಧ. ದೊಡ್ಡ ತೊಟ್ಟಿ, ಮುಕ್ಕಾಲು.” ಅದರ ಕೆಳಗೆ ವಾಷರು ಬದಲಿಸಿದ ತಾರೀಖುಗಳ ಸಾಲು. ಅಕ್ಕ ಅದನ್ನು ಒಂದು ನಿಮಿಷ ನೋಡಿ, ಸೆರಗಿನಿಂದ ಧೂಳು ಒರೆಸಿ, “ಹೂಂ, ಶುರುಮಾಡು” ಎಂದಳು.

ಮೊದಲು ನಲ್ಲಿಯನ್ನು ಪೂರ್ತಿ ತೆರೆದಿಟ್ಟೆನು. ಹಾಗೆ ಮಾಡದಿದ್ದರೆ ಸ್ಪಿಂಡಲು ಸೀಟಿಗೆ ಒತ್ತಿಕೊಂಡು ತಲೆ ಬಿಚ್ಚುವುದಿಲ್ಲ. ಹಿತ್ತಾಳೆಗೆ ಹಲ್ಲಿನ ಗುರುತು ಬೀಳದಂತೆ ಹಳೆಯ ಬಟ್ಟೆ ಸುತ್ತಿ, ಎಡಗೈಯ ರೆಂಚಿನಿಂದ ಒಡಲನ್ನು ಹಿಡಿದು ಬಲಗೈಯಿಂದ ತಲೆಯನ್ನು ಎಡಕ್ಕೆ ತಿರುವಿದೆನು. ಜಗ್ಗಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಕಾಲು ಗಂಟೆ ಬಿಟ್ಟು, ಮರೆಗೆ ಎರಡು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಪ್ರಯತ್ನಿಸಿದಮೇಲೆ ‘ಕಿರ್’ ಎಂದಿತು. ಒಳಗಿನ ವಾಷರು ರಬ್ಬರಾಗಿ ಉಳಿದಿರಲಿಲ್ಲ, ಒಣಗಿದ ನೇರಳೆಯ ಸಿಪ್ಪೆಯಂತಿತ್ತು. ಬೆರಳು ಒಳಗಿಟ್ಟು ಸೀಟಿನ ಅಂಚನ್ನು ಸವರಿದೆ. ನುಣುಪಾಗಿತ್ತು. ಅಕ್ಕ ಎಂಟು ತಿಂಗಳೂ ನಲ್ಲಿಯನ್ನು ಬಲವಾಗಿ ತಿರುವದೆ ಹುರಿ ಕಟ್ಟಿದ್ದೇ ಅದನ್ನು ಉಳಿಸಿತ್ತು! ಅಲ್ಲಿದ್ದ ಸುಣ್ಣದ ಹಕ್ಕಳೆಯನ್ನು ನಿಂಬೆಯ ಹೋಳಿನಿಂದ ಉಜ್ಜಿ ತೊಳೆದು, ಹೊಸ ವಾಷರು ಹಾಕಿ, ಸ್ಪಿಂಡಲನ್ನು ಮೇಲಕ್ಕೆತ್ತಿಟ್ಟೇ ತಲೆಯನ್ನು ಕೂರಿಸಿ ಬಿಗಿದೆನು.

ಅಡಿಗೆಮನೆಯ ಹೊಳೆಯುವ ನಲ್ಲಿಯ ಕಥೆ ಬೇರೆ. ಅದರೊಳಗೆ ವಾಷರು ಇಲ್ಲ. ಪಿಂಗಾಣಿಯಂಥ ಎರಡು ನುಣುಪು ಬಿಲ್ಲೆಗಳು ಒಂದರ ಮೇಲೊಂದು ಜಾರಿ ನೀರನ್ನು ಬಿಡುತ್ತವೆ, ತಡೆಯುತ್ತವೆ. ಕಾಲು ಸುತ್ತಿಗೇ ತೆರೆಯುವ ನಲ್ಲಿಗಳೆಲ್ಲ ಸಾಮಾನ್ಯವಾಗಿ ಈ ಜಾತಿಯವು. ಒಂದು ಮರಳ ಕಣ ಸಿಕ್ಕಿಕೊಂಡರೆ ಬಿಲ್ಲೆ ಗೀರಿ ಸೋರತೊಡಗುತ್ತದೆ. ಆಗ ಕಾರ್ಟ್ರಿಜ್ ಎಂಬ ಆ ಒಳಭಾಗವನ್ನೇ ಬದಲಿಸಬೇಕು. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿರಿ. ಅವುಗಳ ಉದ್ದ, ತಲೆಯ ಹಲ್ಲುಗಳ ಎಣಿಕೆ ಒಂದೊಂದು ಕಂಪನಿಯದು ಒಂದೊಂದು ಬಗೆ. ಬಾಯಿಮಾತಿನಲ್ಲಿ ಹೇಳಿ ತಂದದ್ದು ಕೂಡದೆ ನಾನು ಎರಡು ಸಲ ಅಂಗಡಿಗೆ ನಡೆದೆನು.

ತರೀಕೆರೆಯಲ್ಲಿ ಸೋದರಮಾವನವರು ಇತ್ತೀಚೆಗೆ ಕಟ್ಟಿದ ಮನೆಯಲ್ಲಿ ಎಲ್ಲವೂ ಇಂಥ ನಲ್ಲಿಗಳೇ. ಊರಿನ ಹೆಸರೆತ್ತಿದರೆ ಏರಿಯ ಮೇಲಿನ ಕರಿ ಕುರಿಮರಿಗಳು ನಾಲಿಗೆಯನ್ನು ತೊಡರಿಸುತ್ತವೆ. ಅಡಿಕೆತೋಟಗಳ ತಂಪಿನ ಈ ಊರು ಕಡೂರಿನಷ್ಟು ನೀರಿಗೆ ಬಾಯಿಬಿಟ್ಟದ್ದಲ್ಲ. ಅಲ್ಲಿಯ ದೂರು ಸೋರುವುದಲ್ಲ, ನೀರೇ ಬಾರದಿರುವುದು. “ಪಂಪು ಹಾಕಿಸಬೇಕೇನಪ್ಪಾ?” ಎಂದು ಮಾವನವರು ಫೋನಿನಲ್ಲಿ ಕೇಳಿದ್ದರು. ಬಾಯಿಯ ತುದಿಯ ಜಾಲರಿಯನ್ನು ಕೈಯಿಂದಲೇ ಬಿಚ್ಚಿ ನೋಡಿರೆಂದೆ. ಒಳಗೆ ಸಿಮೆಂಟಿನ ಚೂರು, ಮರಳು, ಪೈಪು ಕೊಯ್ದಾಗಿನ ಪ್ಲಾಸ್ಟಿಕ್ಕಿನ ಪುಡಿ! ತೊಳೆದು ಹಾಕಿದಮೇಲೆ ಧಾರೆ ಸರಿಯಾಯಿತು, ಪಂಪಿನ ಹಣ ಉಳಿಯಿತು. ಜಾಲರಿಯಲ್ಲಿ ಸುಣ್ಣಗಟ್ಟಿದ್ದರೆ ವಿನಿಗರಿನಲ್ಲಿ ನೆನೆಹಾಕಬಹುದು. ಆದರೆ ಹೊಳೆಯುವ ಲೇಪದ ಮೈಗೆ ಹುಳಿಯನ್ನು ಹೆಚ್ಚು ಹೊತ್ತು ತಾಗಿಸಬಾರದು, ತಂತಿಯ ನಾರಿನಿಂದ ತಿಕ್ಕಲೇಬಾರದು. ಹುಣಿಸೆಹಣ್ಣು ಬರಿಯ ಹಿತ್ತಾಳೆಗೆ ಮಾತ್ರ.

ಹೊಸ ನಲ್ಲಿಯನ್ನೇ ಕೊಳ್ಳಬೇಕಾದಾಗ ಹೊಳಪಿಗೆ ಮರುಳಾಗದೆ ಕೈಯಲ್ಲಿಟ್ಟು ತೂಗಿನೋಡಿರಿ. ಹಿತ್ತಾಳೆ ಭಾರವಾಗಿರುತ್ತದೆ. ತಿರುಪಿನ ಹಿತ್ತಾಳೆ ನಲ್ಲಿಗೆ ಐ.ಎಸ್. 781, ಪ್ಲಾಸ್ಟಿಕ್ಕಿನದಕ್ಕೆ ಐ.ಎಸ್. 9763 ಎಂಬ ಮಾನಕಗಳುಂಟು. ಗುರುತು ಇದೆಯೇ ನೋಡಿಕೊಳ್ಳಿರಿ. ಅರ್ಧ ಇಂಚಿನದನ್ನು ಈಗ 15 ಮಿಲಿಮೀಟರ್ ಎಂದು ಬರೆಯುತ್ತಾರೆ, ಎರಡೂ ಒಂದೇ. ಗಡಸು ನೀರಿನ ಊರುಗಳಲ್ಲಿ ಹಿತ್ತಲಿಗೂ ಬಚ್ಚಲಿಗೂ ಪಿ.ಟಿ.ಎಂ.ಟಿ. ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ ವಾಸಿಯೆಂದು ನನ್ನ ಮತ. ನೋಡಲು ಚೆಂದವಿಲ್ಲ, ಆದರೆ ತುಕ್ಕಿಲ್ಲ, ಲೇಪ ಏಳುವುದಿಲ್ಲ, ಹಿತ್ತಾಳೆಯ ಆಸೆಗೆ ಕಿತ್ತೊಯ್ಯುವವರ ಭಯವೂ ಇಲ್ಲ.

ಕೂರಿಸುವಾಗ ಟೆಫ್ಲಾನ್ ಟೇಪು ಸುತ್ತುವ ದಿಕ್ಕನ್ನು ಬಹಳ ಜನ ತಪ್ಪುತ್ತಾರೆ. ನಲ್ಲಿಯ ಮರೆಯ ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು, ಗಡಿಯಾರದ ಮುಳ್ಳು ತಿರುಗುವಂತೆ ಎಂಟು ಹತ್ತು ಸುತ್ತು ಎಳೆದು ಸುತ್ತಬೇಕು. ತುದಿಯ ಮೊದಲ ಮರೆಯನ್ನು ಬಿಟ್ಟು ಸುತ್ತಿದರೆ ಚೂರು ಒಳಗೆ ಹೋಗದು. ತಿರುಗಿಸುತ್ತ ಬಾಯಿ ಕೆಳಮುಖವಾದಾಗ ನಿಲ್ಲಿಸಿರಿ. ಒಂದಿಷ್ಟು ಹೆಚ್ಚಾಯಿತೆಂದು ಹಿಂದಕ್ಕೆ ತಿರುಗಿಸಿದರೆ ಬಿಗಿ ಹೋಯಿತೆಂದೇ ತಿಳಿಯಿರಿ. ಬಿಚ್ಚಿ, ಹೊಸ ಟೇಪು ಸುತ್ತಿಯೇ ಹಾಕಬೇಕು. ಗೋಡೆಯೊಳಗಿನದು ಸಿ.ಪಿ.ವಿ.ಸಿ. ಪೈಪಾಗಿದ್ದರೆ ಬಲಪ್ರಯೋಗ ಬೇಡ, ಎಲ್ಬೋ ಸೀಳುತ್ತದೆ. ಮನೆ ಕಟ್ಟಿಸುತ್ತಿರುವವರು ಒಳಗೆ ಹಿತ್ತಾಳೆಯ ಮರೆಯಿರುವ ಎಲ್ಬೋವನ್ನೇ ಹಾಕಿಸಿಕೊಳ್ಳಿರಿ.

ಆ ರಾತ್ರಿ ಎರಡು ಗಂಟೆಗೆ ಮತ್ತೆ ಬಚ್ಚಲ ದೀಪ ಹತ್ತಿತು. ಅಕ್ಕ ರೂಢಿಯಂತೆ ಎದ್ದಿದ್ದಳು. ಬಕೀಟು ಒಣಗಿತ್ತು. ಅವಳು ನಲ್ಲಿಯ ಬಾಯನ್ನು ಬೆರಳಿನಿಂದ ಮುಟ್ಟಿ ನೋಡಿ, ದೀಪ ಆರಿಸಿ ಹೋಗಿ ಮಲಗಿದಳು. ಬೆಳಗ್ಗೆ ನಾನು ಏಳುವಷ್ಟರಲ್ಲಿ ಹಿತ್ತಲಿನಿಂದ ಸದ್ದು ಕೇಳಿಬರುತ್ತಿತ್ತು. ಹೋಗಿ ನೋಡಿದರೆ ಪೆಟ್ಟಿಗೆ ತೆರೆದಿದೆ. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡು ರೆಂಚು ಹಿಡಿದು ಹಿತ್ತಲ ನಲ್ಲಿಯ ಮುಂದೆ ಕುಳಿತಿದ್ದಾಳೆ.

“ಎಡಕ್ಕೆ ತಾನೇ ತಿರುಗಿಸಬೇಕಾದ್ದು?” ಎಂದು ತಲೆಯೆತ್ತದೆ ಕೇಳಿದಳು. “ನಾನು ಮಾಡ್ತೀನಿ, ನೀನು ಬರೀ ನೋಡು. ಆಮೇಲೆ ಆ ಮುಚ್ಚಳದ ಮೇಲೆ ಇವತ್ತಿನ ತಾರೀಖು ಬರಿ.”